ಪಾಪ್-ಅಪ್ ಟೆಂಟು, ಮಾಗಡಿ ಕೆರೆ ಮತ್ತು ಗದಗಿನ ಗಾಳಿ

ಕೆನಡಾ, ಫಿನ್‌ಲ್ಯಾಂಡ್, ಅಮೆರಿಕದ ಮಿನೆಸೋಟಾ ಕಡೆ ಚಳಿಗಾಲದಲ್ಲಿ ಕೆರೆಗಳ ಮೇಲ್ಮೈ ಹೆಪ್ಪುಗಟ್ಟುತ್ತದೆ. ಜನ ಅದರ ಮೇಲೇ ನಡೆದುಹೋಗಿ, ಐಸಿನಲ್ಲಿ ತೂತು ಕೊರೆದು, ಗಾಳ ಬಿಟ್ಟು ಗಂಟೆಗಟ್ಟಲೆ ಕೂರುತ್ತಾರೆ. ಆಗ ಕೊರೆಯುವ ಗಾಳಿ ತಡೆಯೋಕೆ ಅವರು ಬಳಸೋದೇ ಪಾಪ್-ಅಪ್ ಶೆಲ್ಟರ್. ಚೀಲದಿಂದ ತೆಗೆದು, ಪ್ರತಿ ಗೋಡೆಯ ನಡುವಿನ ಹಿಡಿಕೆ ಹಿಡಿದು ಜಗ್ಗಿದರೆ ಟಪ್ ಅಂತ ಗೋಡೆ ಹೊರಗೆ ಉಬ್ಬುತ್ತದೆ. ಎರಡು ಮೂರು ನಿಮಿಷದಲ್ಲಿ ಒಂದು ಕೋಣೆ ರೆಡಿ.

ಗದಗಿನವರಿಗೆ ಇದರಿಂದ ಏನಾಗಬೇಕು ಅಂತ ಕೇಳ್ತೀರಿ. ನಮ್ಮಲ್ಲಿ ಐಸ್ ಅಂದ್ರೆ ಕಬ್ಬಿನ ಹಾಲಿನ ಅಂಗಡಿಯದ್ದು, ಅಷ್ಟೇ. ಆದರೆ ನಮ್ಮಲ್ಲಿ ಮಾಗಡಿ ಕೆರೆ ಇದೆ. ಗದಗಿನಿಂದ ಸುಮಾರು 26 ಕಿ.ಮೀ. ದೂರ, ಶಿರಹಟ್ಟಿ ತಾಲ್ಲೂಕಿನಲ್ಲಿ. ನೀರಾವರಿಗೆ ಅಂತ ಮಳೆ ನೀರು ನಿಲ್ಲಿಸಲು ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆ. 2024ರ ಜನವರಿ ಕೊನೆಗೆ ರಾಮ್ಸಾರ್ ಪಟ್ಟಿಗೆ ಸೇರಿತು. ಪ್ರತಿ ಚಳಿಗಾಲ ಇಲ್ಲಿಗೆ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. ಸುಮಾರು 8,000 ಅಂತ ರಾಮ್ಸಾರ್ ಘೋಷಣೆಯ ಹೊತ್ತಿನ ಲೆಕ್ಕ. ಟಿಬೆಟ್, ಮಂಗೋಲಿಯಾದ ಎತ್ತರದ ಕೆರೆಗಳು ಹೆಪ್ಪುಗಟ್ಟುವ ಹೊತ್ತಿಗೆ ಅವು ಹಿಮಾಲಯ ದಾಟಿ ದಕ್ಷಿಣಕ್ಕೆ ಬರುವುದು. ಅಂದರೆ ಯಾವ ಐಸಿನ ಮೇಲೆ ಆ ಟೆಂಟು ನಿಲ್ಲುತ್ತದೋ, ಅಂಥದ್ದೇ ಐಸಿನಿಂದ ತಪ್ಪಿಸಿಕೊಂಡು ಬಂದ ಅತಿಥಿಗಳು ನಮ್ಮ ಕೆರೆಯಲ್ಲಿ ಕೂತಿರ್ತವೆ.

ಈ ಹಕ್ಕಿಗಳನ್ನ ಹತ್ತಿರದಿಂದ ನೋಡಬೇಕು, ಎಣಿಸಬೇಕು, ಫೋಟೋ ತೆಗೀಬೇಕು ಅಂದರೆ ಮರೆ ಬೇಕು. ಹಕ್ಕಿ ವೀಕ್ಷಕರು ಬಳಸುವ 'ಹೈಡ್' ಅನ್ನೋ ಟೆಂಟಿನ ಅಸ್ಥಿಪಂಜರ ಮತ್ತು ಐಸ್ ಫಿಶಿಂಗ್ ಟೆಂಟಿನ ಅಸ್ಥಿಪಂಜರ ಒಂದೇ. ಬಟ್ಟೆ ಮಾತ್ರ ಬೇರೆ. ನಮ್ಮ ಕಾಲೇಜುಗಳ ನೇಚರ್ ಕ್ಲಬ್‌ನವರು ಇಂಥದ್ದೊಂದು ಕೊಳ್ಳೋಣ ಅಂತ ಯೋಚಿಸುತ್ತಿದ್ದರೆ, ದುಡ್ಡು ಕೊಡೋ ಮೊದಲು ಇದನ್ನ ಓದಿ. ಯಾಕಂದ್ರೆ ಅಂಗಡಿಯವರು ಚಳಿ, ಮಳೆ, ಬಣ್ಣದ ಬಗ್ಗೆ ಮಾತಾಡ್ತಾರೆ. ಗದಗಿನಲ್ಲಿ ಸಮಸ್ಯೆ ಅವ್ಯಾವೂ ಅಲ್ಲ, ಗಾಳಿ. ಕಪ್ಪತಗುಡ್ಡದ ಸಾಲಿನ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ ನೋಡ್ರಿ. ಟೆಂಟು ಹಾರಿ ಹಕ್ಕಿಗಳ ನಡುವೆ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಹಾರದಿದ್ದರೂ, ಸಡಿಲ ಬಟ್ಟೆ ಪಟಪಟ ಬಡಿದರೆ ಸಾಕು, ಇಡೀ ಹಿಂಡು ಎದ್ದುಬಿಡುತ್ತದೆ. ಸಾವಿರಾರು ಕಿ.ಮೀ. ಹಾರಿ ಬಂದ ಹಕ್ಕಿ ವಿಶ್ರಾಂತಿಯ ಹೊತ್ತಲ್ಲಿ ನಮ್ಮಿಂದಾಗಿ ಮತ್ತೆ ರೆಕ್ಕೆ ಬಡೀಬೇಕು.

ಪಾಪ್-ಅಪ್ ಅಂತ ಮಾರೋದರಲ್ಲಿ ಮೂರು ಜಾತಿ ಇವೆ. ಮೊದಲನೇದು ಸ್ಪ್ರಿಂಗ್ ತಂತಿಯದ್ದು. ಚಿಕ್ಕ ಮಕ್ಕಳ ಮೇಲೆ ಮುಚ್ಚೋ ಮಡಚುವ ಸೊಳ್ಳೆ ಪರದೆ ಇರುತ್ತಲ್ಲ, ಅದೇ ತತ್ವ. ಹಗುರ, ಅಗ್ಗ, ಗಾಳಿಗೆ ಬಾಗಿ ಮಲಗಿಬಿಡುತ್ತದೆ. ಎರಡನೇದು ಕತ್ತರಿ ಫ್ರೇಮಿನ ಕ್ಯಾನೋಪಿ, ರಸ್ತೆ ಬದಿ ಸಿಮ್ ಕಾರ್ಡ್ ಮಾರೋರು ಹಾಕ್ಕೊಂಡಿರ್ತಾರೆ. ನೆರಳಿಗೆ ಚೆನ್ನ, ಮರೆಗೆ ಅಲ್ಲ. ಮೂರನೇದು ಹಬ್ ಟೆಂಟು. ನಮಗೆ ಬೇಕಾದದ್ದು ಇದೇ, ಹಾಗಾಗಿ ಮುಂದಿನ ಮಾತೆಲ್ಲ ಇದರದ್ದು.

ಹಬ್ ಟೆಂಟಿನ ಒಂದು ಗೋಡೆ ತಗೊಳ್ಳಿ. ನಾಲ್ಕು ಮೂಲೆಯಿಂದ ನಾಲ್ಕು ಫೈಬರ್‌ಗ್ಲಾಸ್ ಕಡ್ಡಿಗಳು ಬಂದು ಗೋಡೆಯ ಮಧ್ಯದ ಹಬ್‌ನಲ್ಲಿ ಸೇರುತ್ತವೆ. ಕಡ್ಡಿ, ಮಧ್ಯದಿಂದ ಮೂಲೆಗಿರುವ ದೂರಕ್ಕಿಂತ ಸ್ವಲ್ಪ ಉದ್ದ. ಅದಕ್ಕೇ ಹಬ್ ಸಮತಟ್ಟಾಗಿ ನಿಲ್ಲಲಾರದು. ಒಂದೋ ಒಳಗೆ, ಇಲ್ಲ ಹೊರಗೆ. ಹುಡುಗಿಯರ ಟಿಕ್ ಟಿಕ್ ಕ್ಲಿಪ್ ನೆನಪಿಸಿಕೊಳ್ಳಿ, ಅದೂ ಹೀಗೇ ಎರಡೇ ಸ್ಥಿತಿಯಲ್ಲಿ ನಿಲ್ಲುತ್ತದೆ. ಮೆಕ್ಯಾನಿಕ್ಸ್‌ನಲ್ಲಿ ಇದಕ್ಕೆ ಸ್ನ್ಯಾಪ್-ಥ್ರೂ ಅಂತಾರೆ. ಹಬ್ ಹೊರಗಿದ್ದಾಗ ಕಡ್ಡಿ ಒತ್ತಡದಲ್ಲಿ, ಬಟ್ಟೆ ಎಳೆತದಲ್ಲಿ. ಎರಡೂ ಸೇರಿ ಗೋಡೆ ಬಿಗಿ.

ಈಗ ಪೈಥಾಗೊರಸ್. ಗೋಡೆ 1.5 ಮೀ. ಅಗಲ, 1.7 ಮೀ. ಎತ್ತರ ಅಂದ್ಕೊಳ್ಳಿ. ಮಧ್ಯದಿಂದ ಮೂಲೆಗೆ 113.4 ಸೆಂ.ಮೀ. ಕಡ್ಡಿ 116 ಸೆಂ.ಮೀ. ಇದ್ದರೆ ಹಬ್ ಎಷ್ಟು ಹೊರಗೆ ಉಬ್ಬುತ್ತದೆ? ವರ್ಗಗಳ ವ್ಯತ್ಯಾಸದ ವರ್ಗಮೂಲ ತೆಗೆದರೆ ಸುಮಾರು 25 ಸೆಂ.ಮೀ.! ಕಡ್ಡಿಯಲ್ಲಿ ಬರೀ 2.6 ಸೆಂ.ಮೀ. ಜಾಸ್ತಿ, ಉಬ್ಬು ಅದರ ಹತ್ತರಷ್ಟು. ಈ ಲೆಕ್ಕ ಉಲ್ಟಾನೂ ಕೆಲಸ ಮಾಡುತ್ತದೆ, ಕಳಪೆ ಟೆಂಟು ಕೈಕೊಡೋದು ಅಲ್ಲೇ. ಬಟ್ಟೆ ಹಿಗ್ಗಿ, ಮೂಲೆಯ ಹೊಲಿಗೆ ಸಡಿಲಾಗಿ, ಆ 113.4 ಹೋಗಿ 115 ಆಯ್ತು ಅನ್ನಿ. ಉಬ್ಬು 15 ಸೆಂ.ಮೀ.ಗೆ ಇಳಿಯುತ್ತದೆ. ಹಿಗ್ಗಿದ್ದು ಒಂದೂವರೆ ಸೆಂಟಿಮೀಟರ್, ಕಣ್ಣಿಗೂ ಕಾಣಲ್ಲ. ಆದರೆ ಮುಂದಿನ ಜೋರು ಗಾಳಿಗೆ ಗೋಡೆ ಒಳಗೆ ಮಗುಚಿಕೊಳ್ಳುತ್ತದೆ. ಕಡ್ಡಿ ಮುರಿಯೋದು ಸಾಮಾನ್ಯವಾಗಿ ಆ ಹೊತ್ತಲ್ಲೇ, ಹಬ್ ಪಕ್ಕದಲ್ಲೇ.

ಹಾಗಾಗಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಮೂಲೆ. ಕಡ್ಡಿಯ ತುದಿ ಕೂರೋ ಜೇಬಿಗೆ ಎರಡು ಮೂರು ಪದರ ಬಟ್ಟೆ, ಅಡ್ಡಡ್ಡ ಹೊಲಿಗೆ ಇದೆಯಾ? ಆಮೇಲೆ ಟೆಂಟು ನಿಲ್ಲಿಸಿ ಹಬ್ ಮೇಲೆ ಅಂಗೈ ಇಟ್ಟು ಒತ್ತಿ. ಸಲೀಸಾಗಿ ಒಳಗೆ ಹೋದರೆ ವಾಪಸ್ ಕೊಡಿ. ಹಬ್ ಲೋಹದ್ದಾದರೆ ಒಳ್ಳೇದು. ಬಟ್ಟೆಯ ದಪ್ಪವನ್ನ ಡೆನಿಯರ್‌ನಲ್ಲಿ ಬರೆದಿರ್ತಾರೆ, ಅಂದರೆ 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಅಂತ. ಬೆಟಗೇರಿಯ ನೇಕಾರರ ಮನೆಯಲ್ಲಿ ಕೇಳಿದರೆ ನಮಗಿಂತ ಚೆನ್ನಾಗಿ ವಿವರಿಸ್ತಾರೆ. 300 ಡೆನಿಯರ್ ನಮಗೆ ಧಾರಾಳ ಸಾಕು. ಐಸ್ ಟೆಂಟಿನ ಹತ್ತಿ ತುಂಬಿದ ಗಾದಿ ಥರದ ಗೋಡೆ ಮಾತ್ರ ಬೇಡವೇ ಬೇಡ. ಜನವರಿ ಮಧ್ಯಾಹ್ನ ನಮ್ಮ ಬಿಸಿಲಿಗೆ ಒಳಗೆ ಕೂತವರು ಬೆಂದು ಹೋಗ್ತಾರೆ. ಒಳಮೈ ಕಪ್ಪಗಿರಲಿ, ಹೊರಗಿನಿಂದ ನಿಮ್ಮ ಆಕಾರ ಕಾಣಲ್ಲ. ಮೇಲ್ಗಡೆ ಗಾಳಿಕಿಂಡಿ ಇರಲೇಬೇಕು.

ಗಾಳಿಯ ಲೆಕ್ಕಕ್ಕೆ ಬರೋಣ. ಕಟ್ಟಡಗಳಿಗೆ ಇರೋ ಐಎಸ್ 875, ಭಾಗ 3ರ ಸೂತ್ರ ಸುಲಭ: ಗಾಳಿಯ ವೇಗವನ್ನ (ಮೀಟರ್/ಸೆಕೆಂಡ್) ವರ್ಗ ಮಾಡಿ 0.6ರಿಂದ ಗುಣಿಸಿದರೆ ಪ್ರತಿ ಚದರ ಮೀಟರಿಗೆ ಎಷ್ಟು ನ್ಯೂಟನ್ ಅಂತ ಸಿಗುತ್ತದೆ. ನಮ್ಮ ಗೋಡೆ 2.55 ಚದರ ಮೀಟರ್. ಗಂಟೆಗೆ 18 ಕಿ.ಮೀ. ಗಾಳಿಗೆ ತಳ್ಳುವ ಬಲ ಸುಮಾರು 4 ಕೆ.ಜಿ. ತೂಕದಷ್ಟು. 36 ಕಿ.ಮೀ.ಗೆ 8 ಅಲ್ಲ, 16 ಕೆ.ಜಿ. 54 ಕಿ.ಮೀ.ಗೆ 35 ಕೆ.ಜಿ. ಹಿಂದಿನ ಗೋಡೆಯ ಮೇಲಿನ ಹೀರುವ ಬಲ ಇದರಲ್ಲಿ ಸೇರಿಲ್ಲ, ನಿಜವಾದದ್ದು ಇನ್ನೂ ಜಾಸ್ತಿ. ಟೆಂಟಿನ ತೂಕ ಎಷ್ಟು? ನಾಲ್ಕೈದು ಕೆ.ಜಿ. "ಇಬ್ಬರು ಒಳಗೆ ಕೂತಿದ್ದೀವಲ್ಲ" ಅಂತ ಧೈರ್ಯ ಮಾಡಬೇಡಿ. ಈ ಟೆಂಟಿಗೆ ತಳ ಇರಲ್ಲ, ನಿಮ್ಮ ತೂಕ ನೆಲದ ಮೇಲಿದೆ, ಟೆಂಟಿನ ಮೇಲಲ್ಲ.

ಅದಕ್ಕೇ ಗಾಳಿ ಬರೋ ಕಡೆಯ ಹಬ್‌ಗೆ ಹಗ್ಗ ಕಟ್ಟಿ ಹೊರಗೆ ಜಗ್ಗಬೇಕು. ಬುಡದ ಮೊಳೆ ಟೆಂಟು ಸರಿಯದಂತೆ ನೋಡಿಕೊಳ್ಳುತ್ತದೆ. ಗೋಡೆ ಮಗುಚದಂತೆ ಕಾಯೋದು ಈ ಹಗ್ಗ. ಹಗ್ಗ ಎಷ್ಟು ಉದ್ದ ಅನ್ನೋದೂ ಮುಖ್ಯ. 36 ಕಿ.ಮೀ. ಗಾಳಿಯಲ್ಲಿ ನೆಲಕ್ಕೆ 45 ಡಿಗ್ರಿ ಕೋನದಲ್ಲಿ ಕಟ್ಟಿದರೆ ಹಗ್ಗದ ಎಳೆತ ಸುಮಾರು 22 ಕೆ.ಜಿ., 30 ಡಿಗ್ರಿಯಲ್ಲಾದರೆ 18. ಗೂಟವನ್ನ ಗೋಡೆಯಿಂದ ಒಂದೂವರೆ ಮೀಟರ್ ದೂರ ಹೊಡೆದರೆ ಈ 30 ಡಿಗ್ರಿ ಸಿಗುತ್ತದೆ.

ಗೂಟ ಹಿಡೀಬೇಕಲ್ಲ! ಐಸ್ ಟೆಂಟಿನ ಜೊತೆ ಕೊಡೋದು ಐಸಿಗೆ ತಿರುಪೋ ಸ್ಕ್ರೂ. ಹೈಡ್ ಜೊತೆ ಕೊಡೋದು ಒಂದು ಗೇಣು ಉದ್ದದ ತಂತಿ ಮೊಳೆ. ಕಪ್ಪತಗುಡ್ಡದ ಬುಡದ ಗರಸಿನಲ್ಲಿ ಅದು ಇಳಿಯಲ್ಲ, ಬಾಗುತ್ತದೆ. ಎರೆ ಮಣ್ಣಿನ ಕಥೆ ಇನ್ನೂ ವಿಚಿತ್ರ. ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನ ಪಕ್ಕ ಹೊಡೆದ ಮೊಳೆ ಹೆಂಟೆ ಸಮೇತ ಎದ್ದು ಬರುತ್ತದೆ, ನೀರಿನ ಅಂಚಿನ ಕೆಸರಲ್ಲಿ ಬೆಣ್ಣೆಯೊಳಗಿನ ಚಾಕುವಿನ ಹಾಗೆ. ದನ ಕಟ್ಟೋ ಕಬ್ಬಿಣದ ಗೂಟ, ಒಂದೂವರೆ ಅಡಿಯದ್ದು, ಮುಂಡರಗಿ ಅಥವಾ ಲಕ್ಷ್ಮೇಶ್ವರ ಸಂತೆಯಲ್ಲಿ ಹುಡುಕಿ. ಎತ್ತು ಜಗ್ಗಿದರೂ ಬರದಿದ್ದದ್ದು ನಮ್ಮ 18 ಕೆ.ಜಿ.ಗೆ ಬರಲ್ಲ. ತಲೆ ಟೆಂಟಿನಿಂದ ಆಚೆ ವಾಲುವಂತೆ ಹೊಡೀರಿ.

ಗೂಟ ಹಿಡಿಯದ ಕಡೆ ಯೂರಿಯಾ ಚೀಲಕ್ಕೆ ಮಣ್ಣು. ಅರ್ಧ ಚೀಲ ಸಾಕು ಅನ್ನಿಸುತ್ತೆ, ಸಾಕಾಗಲ್ಲ. ಹಗ್ಗ ಚೀಲವನ್ನ ಪಕ್ಕಕ್ಕೆ ಸುಮಾರು 16 ಕೆ.ಜಿ. ಎಳೆಯೋದಲ್ಲದೆ ಮೇಲಕ್ಕೂ 9 ಕೆ.ಜಿ. ಎತ್ತುತ್ತದೆ. ಘರ್ಷಣೆ ಗುಣಾಂಕ 0.5 ಹಿಡಿದರೆ ಚೀಲ 40 ಕೆ.ಜಿ. ಮೇಲಿರಬೇಕು, ಅಂದರೆ ಮುಕ್ಕಾಲು ಚೀಲ. ಮಣ್ಣನ್ನ ಸಂರಕ್ಷಿತ ಪ್ರದೇಶದಲ್ಲಿ ಅಗೆಯಬೇಡಿ. ಹೊಲದವರನ್ನ ಕೇಳಿ ತುಂಬಿಕೊಂಡು, ಹೋಗುವಾಗ ಅಲ್ಲೇ ಸುರಿಯಿರಿ.

ಮಾಗಡಿ ಕೆರೆ ಸಂರಕ್ಷಣಾ ಮೀಸಲು ಪ್ರದೇಶ. ಟೆಂಟು ಹಾಕೋ ಮುಂಚೆ ಅರಣ್ಯ ಇಲಾಖೆಯವರ ಅನುಮತಿ ಬೇಕು, ಹೊಲದಲ್ಲಾದರೆ ಮಾಲೀಕರದ್ದು. ಹೆಬ್ಬಾತುಗಳು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿರುವಾಗ ನಿಲ್ಲಿಸಿ, ಬಂದಮೇಲಲ್ಲ. ಕ್ರಮ ಹೀಗಿರಲಿ: ಟೆಂಟು ಇನ್ನೂ ನೆಲದ ಮೇಲೆ ಮಲಗಿರುವಾಗಲೇ ಗಾಳಿ ಕಡೆಯ ಬುಡಕ್ಕೆ ಗೂಟ. ಆಮೇಲೆ ಆ ಗೋಡೆ ಎಳೆದು ಹಬ್ ಹಗ್ಗ ಬಿಗಿಯಿರಿ. ನಂತರ ಉಳಿದ ಗೋಡೆಗಳು, ಕೊನೆಗೆ ಒಳಗಿನಿಂದ ಮೇಲ್ಛಾವಣಿ ಒತ್ತಿ. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಚಳಿಗಾಲದ ಬೆಳಗ್ಗೆ ಶಾಂತವಾಗಿರುವ ಗಾಳಿ ಬಿಸಿಲೇರಿದಂತೆ ಏಳುತ್ತದೆ, ಮುಂಜಾನೆಯ ಧೈರ್ಯದ ಮೇಲೆ ಹಗ್ಗ ಸಡಿಲ ಬಿಡಬೇಡಿ. ಹೊರಟಾಗ ಕಿಟಕಿಗಳೆಲ್ಲ ತೆರೆದು, ಮೊದಲು ಛಾವಣಿ ಇಳಿಸಿ, ಗಾಳಿ ಕಡೆಯ ಹಗ್ಗವನ್ನ ಕೊನೆಗೆ ಬಿಚ್ಚಿ. ಒಳಗೆ ಚಹಾ ಕಾಯಿಸೋಕೆ ಸ್ಟೋವ್ ಹಚ್ಚೋದು ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಐಸ್ ಮೀನುಗಾರರು ಹೀಟರ್ ಜೊತೆ ಅಲಾರಂ ಇಟ್ಟುಕೊಳ್ಳೋದೂ ಇದೇ ಕಾರಣಕ್ಕೆ.

ಕಡ್ಡಿ ಮುರಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಗಾಜಿನ ಎಳೆ ಚರ್ಮಕ್ಕೆ ಹೊಕ್ಕರೆ ಎರಡು ದಿನ ಉರಿ. ಒಂದು ಗೇಣು ಪಿವಿಸಿ ಪೈಪು ತೂರಿಸಿ ಟೇಪ್ ಸುತ್ತಿದರೆ ಅವತ್ತಿನ ಕೆಲಸ ಆಗುತ್ತದೆ.

ಇನ್ನು ಒಬ್ಬರೇ ಹೋಗೋದಾದರೆ, ಗಾಳಿ ಜೋರಿದ್ದರೆ, ನನ್ನ ಓಟು ಟೆಂಟಿಗಲ್ಲ. ಶಿರಹಟ್ಟಿ, ಮುಂಡರಗಿ ಕಡೆ ಕುರಿಗಾರರು ಕಂಬಳಿ ಕೊಪ್ಪೆ ಹಾಕ್ಕೊಂಡು ಹೊಲದ ಬದುವಿಗೆ ಒರಗಿ ಕೂತಿರ್ತಾರೆ. ಗಾಳಿಗೆ ಒಡ್ಡೋ ಮೈ ಅರ್ಧ ಚದರ ಮೀಟರ್ ಆಸುಪಾಸು, ಗೂಟ ಬೇಕಿಲ್ಲ, ಮುರಿಯೋ ಕಡ್ಡಿ ಇಲ್ಲ, ಬಣ್ಣ ಎರೆ ಮಣ್ಣಿನದ್ದೇ. ಗಂಟೆಗೆ 36 ಕಿ.ಮೀ. ಗಾಳಿಗೆ ಅದರ ಮೇಲೆ ಬೀಳೋದು 3 ಕೆ.ಜಿ. ಬಲ.