ಪ್ರಶ್ನೆ ಮೊದಲು, ಪ್ಯಾಕೆಟ್ ಆಮೇಲೆ

ನೋಡಪ್ಪಾ, ಐದು ಗ್ಯಾಲನ್ ಬಿಯರ್ ಕಾಯಿಸಿ, ಎರಡು ಪಾಲು ಮಾಡಿ, ಬೇರೆ ಬೇರೆ ಯೀಸ್ಟ್ ಹಾಕುತ್ತೇನೆ ಅಂದೆಯಲ್ಲ, ಒಳ್ಳೆಯ ಯೋಚನೆ. ನೀರು, ಮಾಲ್ಟು, ಹಾಪ್ಸು ಎಲ್ಲ ಒಂದೇ ಆಗಿದ್ದು ಯೀಸ್ಟ್ ಮಾತ್ರ ಬದಲಾದರೆ ಅದರ ಕೈವಾಡ ಎಷ್ಟು ಅನ್ನುವುದು ನಾಲಿಗೆಗೇ ತಿಳಿಯುತ್ತದೆ. ಒಂದೇ ಹಾಲಿಗೆ ಎರಡು ಮನೆಯ ಹೆಪ್ಪು ಹಾಕಿದರೆ ಮೊಸರಿನ ರುಚಿ ಬೇರೆಯಾಗುವುದಿಲ್ಲವೇ, ಹಾಗೆ. ಆದರೆ ಅಂಗಡಿಯ ಫ್ರಿಜ್ಜಿನ ಮುಂದೆ ನಿಂತು ಕಣ್ಣಿಗೆ ಬಿದ್ದ ಎರಡು ಪ್ಯಾಕೆಟ್ ಎತ್ತಿಕೊಂಡು ಬರಬೇಡ. ನಿನಗೆ ಏನು ತಿಳಿಯಬೇಕು ಅನ್ನುವುದನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದುಕೋ. ಯಾವ ಯೀಸ್ಟ್ ತರಬೇಕು ಅನ್ನುವುದನ್ನು ಆ ವಾಕ್ಯವೇ ಹೇಳುತ್ತದೆ.

ಹೀಗೆ ಆರಿಸುವ ಭಾಗ್ಯ ನಮಗೆ ಸಿಕ್ಕಿದ್ದು ಡೆನ್ಮಾರ್ಕಿನಿಂದ. 1883ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಒಂದು ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದ. ಅದಕ್ಕೆ ಮುಂಚೆ ಬ್ರೂವರಿಗಳ ಪೀಪಾಯಿಯಲ್ಲಿ ಇದ್ದದ್ದು ಹತ್ತೆಂಟು ತಳಿಗಳ ಸಂತೆ. ಈಗ ಪ್ರತಿ ತಳಿಗೂ ಹೆಸರು, ನಂಬರು, ತಾಪಮಾನ ಎಲ್ಲ ಪ್ಯಾಕೆಟ್ಟಿನ ಮೇಲೇ ಅಚ್ಚಾಗಿರುತ್ತದೆ.

ಅಚ್ಚಾದ ಹೆಸರನ್ನು ಮಾತ್ರ ನಂಬಿ ಹೋದರೆ ಮೋಸ ಹೋಗುತ್ತೀಯ. ಫರ್ಮೆಂಟಿಸ್‌ನ ಯುಎಸ್-05, ವೈಯೀಸ್ಟ್‌ನ 1056, ವೈಟ್ ಲ್ಯಾಬ್ಸ್‌ನ 001 ಮೂರನ್ನೂ ಹೋಂಬ್ರೂ ಮಾಡುವವರು ‘ಚಿಕೋ’ ಅಂತಲೇ ಕರೆಯುತ್ತಾರೆ. ಕ್ಯಾಲಿಫೋರ್ನಿಯಾದ ಚಿಕೋ ಊರಿನ ಸಿಯೆರಾ ನೆವಾಡಾ ಬ್ರೂವರಿಯ ಯೀಸ್ಟಿಗೆ ಇವೆಲ್ಲ ದಾಯಾದಿಗಳು. ಇದರಲ್ಲಿ ಎರಡನ್ನು ಎರಡು ಪಾಲಿಗೆ ಹಾಕಿದರೆ ವ್ಯತ್ಯಾಸ ಹುಡುಕುವುದರಲ್ಲೇ ಬಾಟಲಿ ಖಾಲಿಯಾಗುತ್ತದೆ. ಮೊದಲ ಸಲ ಮಾಡುವವನು ದೂರದ ಕುಲಗಳನ್ನೇ ತರಬೇಕು. ನಾಲಿಗೆ ಪಳಗಿದ ಮೇಲೆ ಹತ್ತಿರದ ನೆಂಟರನ್ನು ಹೋಲಿಸಿದರಾಯಿತು.

ದೂರದ ಕುಲ ಅಂದರೆ ಒಂದು ಲಾಗರ್, ಒಂದು ಏಲ್ ಅಲ್ಲ. ಅಲ್ಲೇ ಬಹಳ ಜನ ಎಡವುತ್ತಾರೆ. ಲಾಗರ್ ಯೀಸ್ಟಿಗೆ 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಣುಪು ಬೇಕು, ಏಲ್ ಯೀಸ್ಟಿಗೆ 18ರಿಂದ 20. ನಾರ್ವೆಯ ಕ್ವೈಕ್ ಯೀಸ್ಟಂತೂ 35 ದಾಟಿದರೂ ಖುಷಿಯಾಗಿ ಕೆಲಸ ಮಾಡುತ್ತದೆ. ನಿನ್ನ ಹತ್ತಿರ ಇರುವುದು ಒಂದೇ ಕಪಾಟು. ಎರಡು ಪಾಲನ್ನೂ ಒಂದೇ ತಾಪಮಾನದಲ್ಲಿಟ್ಟರೆ ಒಂದಕ್ಕೆ ಸುಖ, ಇನ್ನೊಂದಕ್ಕೆ ಹಿಂಸೆ. ಬೇರೆ ಬೇರೆ ಕಡೆ ಇಟ್ಟರೆ ರುಚಿ ಬದಲಾದದ್ದು ಯೀಸ್ಟಿನಿಂದಲೋ ತಾಪದಿಂದಲೋ ಹೇಳುವವರಾರು? ಹಾಗಾಗಿ ಒಂದೇ ತಾಪಮಾನ ಒಗ್ಗುವ, ಸ್ವಭಾವದಲ್ಲಿ ಮಾತ್ರ ದೂರ ಇರುವ ಎರಡನ್ನು ಹುಡುಕು.

ನನ್ನನ್ನು ಕೇಳಿದರೆ ಗೋಧಿ ಬಿಯರಿನಿಂದ ಶುರುಮಾಡು. ಅರ್ಧ ಗೋಧಿ ಮಾಲ್ಟು, ಅರ್ಧ ಪಿಲ್ಸ್‌ನರ್ ಮಾಲ್ಟು, ಕಹಿಗೆ ಸ್ವಲ್ಪವೇ ಹಾಪ್ಸು. ಹುರಿದ ಮಾಲ್ಟು, ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಯಾವುದೂ ಬೇಡ. ವರ್ಟು, ಅಂದರೆ ಯೀಸ್ಟು ಹಾಕುವ ಮುಂಚಿನ ಮಾಲ್ಟಿನ ರಸ, ಎಷ್ಟು ಸಪ್ಪೆಯೋ ಯೀಸ್ಟಿನ ಮಾತು ಅಷ್ಟು ಸ್ಪಷ್ಟ. ಒಂದು ಪಾಲಿಗೆ ಯುಎಸ್-05, ಇನ್ನೊಂದಕ್ಕೆ ಲಾಲೆಮಾಂಡ್‌ನ ಮ್ಯೂನಿಕ್ ಕ್ಲಾಸಿಕ್. ಎರಡಕ್ಕೂ 19 ಡಿಗ್ರಿ ಹಿತವಾಗಿರುತ್ತದೆ. ಮೊದಲನೆಯದು ಅಮೆರಿಕದ ಮಂದಿ ಕುಡಿಯುವ ಹಗುರ ಗೋಧಿ ಬಿಯರ್ ಆಗುತ್ತದೆ, ಎರಡನೆಯದು ಬವೇರಿಯಾದ ಹೆಫೆವೈಸನ್. ಮೂರನೆಯ ದಿನ ಏರ್‌ಲಾಕಿನ ಹತ್ತಿರ ಮೂಗು ಒಯ್ದು ನೋಡು. ಒಂದು ಕಡೆ ಬ್ರೆಡ್ಡಿನ ವಾಸನೆ ಬಿಟ್ಟರೆ ಹೆಚ್ಚೇನಿಲ್ಲ. ಇನ್ನೊಂದು ಕಡೆ ಕಳಿತ ಬಾಳೆಹಣ್ಣು, ಅದರ ಹಿಂದೆಯೇ ಲವಂಗ.

ಬಾಳೆಹಣ್ಣಿನ ಘಮ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರಿನದು. ಲವಂಗದ್ದು ಬೇರೆ ಕಥೆ. ಧಾನ್ಯದಲ್ಲಿರುವ ಫೆರುಲಿಕ್ ಆಮ್ಲವನ್ನು ಕೆಲವು ಯೀಸ್ಟುಗಳು ಲವಂಗದ ವಾಸನೆಯ ಫೀನಾಲ್ ಮಾಡುತ್ತವೆ. 2016ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು 157 ತಳಿಗಳ ಜೀನೋಮ್ ಓದಿ ನೋಡಿದಾಗ, ಬಿಯರಿಗೆಂದು ಪಳಗಿದ ಯೀಸ್ಟುಗಳಲ್ಲಿ ಹೆಚ್ಚಿನವು ಈ ಶಕ್ತಿಯನ್ನು ಕಳೆದುಕೊಂಡಿರುವುದು ಕಂಡಿತು. ಆ ವಾಸನೆ ಬೇಡವೆಂದು ಬ್ರೂವರುಗಳು ತಲೆಮಾರುಗಟ್ಟಲೆ ಆರಿಸುತ್ತಾ ಬಂದದ್ದರ ಫಲ ಅದು. ಜರ್ಮನಿಯ ಗೋಧಿ ಬಿಯರಿನ ಯೀಸ್ಟಿನಂಥ ಕೆಲವು ಮಾತ್ರ ಅದನ್ನು ಉಳಿಸಿಕೊಂಡಿವೆ. ಅಂದರೆ ನಿನ್ನ ಎರಡು ಪಾತ್ರೆಗಳಲ್ಲಿ ಇರುವುದು ಇಬ್ಬಗೆಯ ಸಾಕಣೆಯ ಚರಿತ್ರೆ.

ಈಗ ಕೈಕೆಲಸದ ಮಾತು. ವರ್ಟು ತಣಿದ ಮೇಲೆ ಚೆನ್ನಾಗಿ ಕಲಕಿ, ಒಂದು ಪಾತ್ರೆಗೆ ಸ್ವಲ್ಪ, ಇನ್ನೊಂದಕ್ಕೆ ಸ್ವಲ್ಪ ಅಂತ ಸರದಿಯಲ್ಲಿ ಸುರಿ. ಒಂದನ್ನು ತುಂಬಿಸಿ ಆಮೇಲೆ ಇನ್ನೊಂದಕ್ಕೆ ಹೋದರೆ ತಳದ ಗಸಿಯೆಲ್ಲ ಎರಡನೆಯದರ ಪಾಲಾಗುತ್ತದೆ. ಪಾತ್ರೆಗೆ ಒಂಬತ್ತು ಒಂಬತ್ತೂವರೆ ಲೀಟರ್ ಬೀಳುತ್ತದೆ. ಗೋಧಿ ಯೀಸ್ಟು ನೊರೆಯನ್ನು ಮೇಲಕ್ಕೆ ಉಕ್ಕಿಸುವುದರಿಂದ ಜಾಗ ಬಿಟ್ಟಿರು. ಎರಡೂ ಯೀಸ್ಟು ಒಣ ಪುಡಿಯಾಗಿಯೇ ಇರಲಿ. ಒಂದು ಪುಡಿ, ಒಂದು ದ್ರವ ತಂದರೆ ಕೋಶಗಳ ಎಣಿಕೆ, ಆರೋಗ್ಯ ಎರಡೂ ಬೇರೆಯಾಗಿ, ನೀನು ಹೋಲಿಸುವುದು ತಳಿಗಳನ್ನಲ್ಲ, ಪ್ಯಾಕಿಂಗನ್ನು. ಹನ್ನೊಂದು ಗ್ರಾಂ ಚಿಲ್ಲರೆಯ ಪ್ಯಾಕೆಟ್ ಇಡೀ ಬ್ಯಾಚಿಗೆ ಆಗುವಂಥದ್ದು. ತಕ್ಕಡಿಯಲ್ಲಿ ಅರ್ಧರ್ಧ ತೂಗಿ ಹಾಕು.

ಗುಳ್ಳೆ ನಿಂತಿತೆಂದು ಹುದುಗು ಮುಗಿಯಿತೆಂದುಕೊಳ್ಳಬೇಡ. ಹೈಡ್ರೋಮೀಟರ್ ಎರಡು ಮೂರು ದಿನಗಳ ಅಂತರದಲ್ಲಿ ಒಂದೇ ಅಂಕೆ ತೋರಿಸಬೇಕು. ಶುರುವಿನಲ್ಲಿ 1.048 ಇದ್ದದ್ದು 1.010ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು ಶೇ. 5. ಪಕ್ಕದ ಪಾತ್ರೆ 1.012ಕ್ಕೇ ನಿಂತರೆ ಗಾಬರಿಯಾಗಬೇಡ, ಸಕ್ಕರೆಯನ್ನು ಎಷ್ಟರ ಮಟ್ಟಿಗೆ ತಿನ್ನುತ್ತದೆ ಅನ್ನುವುದೂ ತಳಿಯ ಗುಣವೇ. ಬಾಟಲಿಗೆ ಹಾಕುವಾಗ ಎರಡಕ್ಕೂ ಲೀಟರಿಗೆ ಆರು ಗ್ರಾಂ ಸಕ್ಕರೆ. ಗೋಧಿ ಬಿಯರಿಗೆ ಗ್ಯಾಸು ಹೆಚ್ಚಿರಬೇಕು ಅಂತ ಹೇಳುವವರು ಸಿಗುತ್ತಾರೆ; ನಿಜವೇ, ಆದರೆ ಈ ಸಲ ನಮ್ಮ ಕೆಲಸ ಹೋಲಿಕೆ.

ಒಂದು ಎಚ್ಚರಿಕೆ. ಸೈಸನ್ ಬಿಯರಿಗೆಂದು ಮಾರುವ ಎಷ್ಟೋ ಯೀಸ್ಟುಗಳು ಡಯಾಸ್ಟಾಟಿಕಸ್ ಜಾತಿಯವು. ಬೇರೆ ಯೀಸ್ಟುಗಳು ಮುಟ್ಟದ ಡೆಕ್ಸ್‌ಟ್ರಿನ್ನುಗಳನ್ನೂ ಇವು ಒಡೆದು ತಿನ್ನುತ್ತವೆ. ಇದರ ಒಂದಿಷ್ಟು ಕೋಶ ಕೊಳವೆಯಲ್ಲಿ ಉಳಿದು ಪಕ್ಕದ ಪಾಲಿಗೆ ಸೇರಿದರೆ, ತಿಂಗಳ ಮೇಲೆ ಅಲ್ಲಿನ ಬಾಟಲಿಗಳು ಒತ್ತಡಕ್ಕೆ ಸಿಡಿಯಬಹುದು. ಸೈಸನ್ ಮಾಡುವ ಆಸೆಯಿದ್ದರೆ ಕೊಳವೆ, ನಲ್ಲಿ, ಪ್ಲಾಸ್ಟಿಕ್ ಡಬ್ಬಿ ಎಲ್ಲ ಅದಕ್ಕೇ ಮೀಸಲಿಡು. ಗೋಧಿಗೆಂದು ಮಾರುವ ಡಬ್ಲ್ಯುಬಿ-06 ಕೂಡ ಇದೇ ಜಾತಿ, ಹಾಗಾಗಿಯೇ ನಾನು ಅದರ ಹೆಸರೆತ್ತಲಿಲ್ಲ.

ರುಚಿ ನೋಡುವ ದಿನ ಯಾವುದು ಯಾವ ಯೀಸ್ಟು ಅಂತ ಯಾರಿಗೂ ಹೇಳಬೇಡ. ಒಳಗಿನ ಬಣ್ಣ ಕಾಣದ ಮೂರು ಲೋಟ ತೆಗೆದುಕೊಂಡು ಎರಡಕ್ಕೆ ಒಂದು ಬಿಯರ್, ಮೂರನೆಯದಕ್ಕೆ ಇನ್ನೊಂದು ಹಾಕಿ, ಬೇರೆಯದು ಯಾವುದು ಹುಡುಕಿ ಅನ್ನು. ಕಣ್ಮುಚ್ಚಿ ಹೇಳಿದರೂ ಮೂವರಲ್ಲಿ ಒಬ್ಬನ ಉತ್ತರ ಸರಿಬೀಳುತ್ತದೆ. ಆದ್ದರಿಂದ ನಾಲ್ಕಾರು ಜನರನ್ನಾದರೂ ಕೂರಿಸು. ನಿನ್ನನ್ನೂ ಹೊರಗಿಡಬೇಡ. ಕೈಯಾರೆ ಮಾಡಿದವನ ನಾಲಿಗೆಯಷ್ಟು ಪಕ್ಷಪಾತಿ ಇನ್ನೊಂದಿಲ್ಲ, ಲೋಟ ಬೇರೆಯವರು ತುಂಬಿಕೊಡಲಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1978ರ ಕಾಯಿದೆಯಿಂದಾಗಿ ಅಮೆರಿಕದಲ್ಲಿ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಬಿಯರ್ ಮಾಡಿಕೊಳ್ಳಲು ಅವಕಾಶವಿದೆ, ಮಾರುವ ಹಾಗಿಲ್ಲ. ರಜೆಗೆ ಬೆಂಗಳೂರಿಗೆ ಹೋದಾಗ ಅತ್ತೆಯ ಅಡುಗೆಮನೆಯಲ್ಲಿ ಈ ಪ್ರಯೋಗ ಬೇಡ. ಅಲ್ಲಿ 1965ರ ಅಬಕಾರಿ ಕಾಯಿದೆಯಿದೆ, ಲೈಸೆನ್ಸಿಲ್ಲದೆ ಮಾಡಿದರೆ ಅಪರಾಧ.

ಕೊನೆಗೆ ಇಷ್ಟೇ. ಎರಡರಲ್ಲಿ ಒಂದು ಇಷ್ಟವಾದ ತಕ್ಷಣ ಮೂರನೆಯ ಯೀಸ್ಟಿಗೆ ಹಾರಬೇಡ. ಮುಂದಿನ ಸಲ ಇಷ್ಟವಾದದ್ದನ್ನೇ ಎರಡೂ ಪಾಲಿಗೆ ಹಾಕಿ, ಒಂದನ್ನು 17 ಡಿಗ್ರಿಯಲ್ಲಿ, ಇನ್ನೊಂದನ್ನು 22ರಲ್ಲಿ ಇಡು. ಪ್ಯಾಕೆಟ್ಟಿನ ಮೇಲೆ ಬರೆದಿರದ ಸಂಗತಿಗಳು ಆಗ ಹೊರಬೀಳುತ್ತವೆ.