ಹುಣಸೆ ಬೀಜದಲ್ಲಿ ಹುಲಿಯ ಲೆಕ್ಕ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಸಂರಕ್ಷಣೆಯ ಪಾಠ ಬಂದಾಗಲೆಲ್ಲ ಮಕ್ಕಳು ‘ಕಾಡು ಉಳಿಸಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಪ್ರಯೋಗಾಲಯವಿಲ್ಲ, ಇಂಟರ್ನೆಟ್ ಇದ್ದೂ ಇಲ್ಲದಂತೆ. ಖರ್ಚಿಲ್ಲದೆ ಏನು ಮಾಡಿಸಬಹುದು ಸರ್?
– ಶಿಕ್ಷಕಿ, ಶಿರಾ ತಾಲ್ಲೂಕು

ಉತ್ತರ: ಮೇಡಂ, ಮನೆಯಿಂದ ಒಂದು ಡಬ್ಬಿ ಹುಣಸೆ ಬೀಜ ತನ್ನಿ. ಎಣಿಸಬೇಡಿ. ಒಬ್ಬಳು 40 ಬೀಜ ತೆಗೆದು ಸುಣ್ಣದ ಚುಕ್ಕೆ ಇಡಲಿ. ಒಣಗಿದ ಮೇಲೆ ಡಬ್ಬಿಗೆ ಸುರಿದು ಚೆನ್ನಾಗಿ ಕುಲುಕಲಿ. ಇನ್ನೊಬ್ಬ ಕಣ್ಣುಮುಚ್ಚಿ 50 ತೆಗೆಯಲಿ. ಅದರಲ್ಲಿ 10ಕ್ಕೆ ಚುಕ್ಕೆ ಇದ್ದರೆ ಐದಕ್ಕೊಂದು ಗುರುತಿನದು ಎಂದಾಯಿತು. ಗುರುತಿನವು 40, ಹಾಗಾದರೆ ಡಬ್ಬಿಯಲ್ಲಿ ಸುಮಾರು 200. ಈಗ ಎಲ್ಲವನ್ನೂ ಎಣಿಸಿ ತಾಳೆ ನೋಡಿ.

ಮರುದಿನ ಬೇಕೆಂದೇ ಕುಲುಕದೆ ಮಾಡಿಸಿ. ಚುಕ್ಕೆಯವು ಮೇಲೆಯೇ ಉಳಿದು ಕೈಗೆ ಹೆಚ್ಚು ಸಿಗುತ್ತವೆ, ಲೆಕ್ಕ ಕುಸಿಯುತ್ತದೆ. ಎಣಿಕೆ ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಮಕ್ಕಳು ಕೈಯಾರೆ ಕಂಡುಕೊಳ್ಳುವ ಈ ಎರಡನೆಯ ದಿನವೇ ನನಗೆ ಮುಖ್ಯ. ಆಗ ನಾಗರಹೊಳೆಯ ಕಥೆ ಹೇಳಿ. 1990ರ ದಶಕದಲ್ಲಿ ಉಲ್ಲಾಸ ಕಾರಂತರು ಅಲ್ಲಿ ಹುಲಿ ನಡೆವ ದಾರಿಗಳಲ್ಲಿ ಕ್ಯಾಮೆರಾ ಇಟ್ಟು ಇದೇ ತರ್ಕದಿಂದ ಹುಲಿಗಳ ಸಂಖ್ಯೆ ಅಂದಾಜು ಮಾಡಿದರು. ಹುಲಿಗೆ ಸುಣ್ಣ ಹಚ್ಚಬೇಕಿಲ್ಲ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ.

ಪ್ರಶ್ನೆ: ಕನ್ನಡದಲ್ಲಿ ಉಚಿತವಾಗಿ ಏನಾದರೂ ಸಿಗುತ್ತದೆಯೇ?
– ಪ್ರಾಥಮಿಕ ಶಾಲಾ ಶಿಕ್ಷಕ, ಹಾವೇರಿ

ಉತ್ತರ: ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ‘ಅರ್ಲಿ ಬರ್ಡ್’ ತಂಡದ ಹಕ್ಕಿ ಚಿತ್ರಪಟಗಳು ಕನ್ನಡದಲ್ಲೂ ಇವೆ. ಮುದ್ರಿಸಿ ಗೋಡೆಗೆ ಅಂಟಿಸಿ. ‘ಸೀಸನ್‌ವಾಚ್’ನಲ್ಲಿ ಶಾಲೆಯಂಗಳದ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಗಮನಿಸಿ ಬರೆದಿಡುವುದಷ್ಟೇ ಕೆಲಸ. ಹೊಂಗೆ, ಬೇವು ಸಾಕು, ಅಪರೂಪದ ಮರ ಹುಡುಕಬೇಡಿ.

ಪ್ರಶ್ನೆ: ಪದವಿ ತರಗತಿಗೆ ಪಠ್ಯ ಬೇಕು. ಪುಸ್ತಕಗಳು ಕೈಗೆಟಕುವ ಬೆಲೆಯಲ್ಲಿಲ್ಲ.
– ಪ್ರಾಣಿಶಾಸ್ತ್ರ ಉಪನ್ಯಾಸಕಿ, ಕೋಲಾರ

ಉತ್ತರ: ನವಜೋತ್ ಸೋಧಿ ಮತ್ತು ಪಾಲ್ ಎರ್ಲಿಕ್ ಸಂಪಾದಿಸಿದ ‘ಕನ್ಸರ್ವೇಶನ್ ಬಯಾಲಜಿ ಫಾರ್ ಆಲ್’ (2010) ಇಡಿಯಾಗಿ ಉಚಿತ, ಬಡ ದೇಶಗಳ ವಿದ್ಯಾರ್ಥಿಗಳನ್ನು ನೆನೆದೇ ಹಾಗೆ ಕೊಟ್ಟರು. ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಎನ್‌ಸಿಇಪಿ ಪಾಠಗಳಲ್ಲಿ ವಿವರಣೆಯ ಜೊತೆ ಅಭ್ಯಾಸಗಳೂ ಇವೆ. ಆದರೆ ಅಲ್ಲಿನ ಉದಾಹರಣೆಗಳನ್ನು ಹಾಗೇ ಒಪ್ಪಿಸಬೇಡಿ. ವಿಧಾನ ಇಟ್ಟುಕೊಂಡು ಊರು ಬದಲಿಸಿ.

ನಿಮಗೆ ನಲ್ಲೂರು ದೂರವಲ್ಲ. ದೇವನಹಳ್ಳಿ ಬಳಿಯ ಆ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ದರ್ಜಿಯ ಟೇಪು ಹಿಡಿದು ಹೋಗಿ, ಎದೆಮಟ್ಟದಲ್ಲಿ ಒಂದೊಂದು ಮರದ ಸುತ್ತಳತೆ ಬರೆಸಿ, ಅಳತೆವಾರು ಗುಂಪು ಮಾಡಿಸಿ. ಮುದಿ ಮರಗಳು ಕಣ್ಣಿಗೆ ತಾವಾಗಿ ಬೀಳುತ್ತವೆ. ಅವುಗಳ ಬುಡದಲ್ಲಿ ಎಳೆಯ ಸಸಿಗಳೆಷ್ಟಿವೆ ಎಂಬುದನ್ನು ವಿದ್ಯಾರ್ಥಿಗಳೇ ಬಗ್ಗಿ ಎಣಿಸಲಿ.