ರಜುಮೋವ್‌ಸ್ಕಿಯ ನಾಲ್ವರು ವಾದಕರು

1808ರ ಬೇಸಗೆ ಮುಗಿಯುತ್ತ ಬಂದಿತ್ತು. ಆಸ್ಟ್ರಿಯಾ ಸಾಮ್ರಾಜ್ಯದ ರಾಜಧಾನಿಯಾದ ವಿಯೆನ್ನಾದಲ್ಲಿ ನೆಲೆಸಿದ್ದ ರಷ್ಯದ ಕೌಂಟ್ ಆಂಡ್ರೇ ರಜುಮೋವ್‌ಸ್ಕಿಯು ಇಗ್ನಾಜ್ ಶುಪ್ಪನ್‌ಜಿಗ್ ಎಂಬ ಪಿಟೀಲುವಾದಕನನ್ನು ಬರಮಾಡಿಕೊಂಡು ಒಂದು ಕಾರ್ಯವನ್ನು ಒಪ್ಪಿಸಿದನು. ತನ್ನ ಮನೆಗಾಗಿ ಅವನು ಒಂದು ವಾದ್ಯಮೇಳವನ್ನು ಕಟ್ಟಬೇಕು. ಜೊತೆಗಾರರನ್ನು ಆರಿಸುವ ಅಧಿಕಾರವೂ ಅವನದೇ. ಮೇಳಕ್ಕೆ ಸೇರಿದವರಿಗೆ ಜೀವನಪರ್ಯಂತ ವೇತನವು ಸಲ್ಲುವುದು. ಲೂಯಿ ಸಿನಾ, ಫ್ರಾನ್ಜ್ ವೈಸ್, ಜೋಸೆಫ್ ಲಿಂಕೆ ಎಂಬವರು ಶುಪ್ಪನ್‌ಜಿಗನೊಡನೆ ಕೂಡಿಕೊಂಡರು.

ಇಂಥ ಮೇಳಕ್ಕೆ ಪಾಶ್ಚಾತ್ಯರು ಕ್ವಾರ್ಟೆಟ್ ಎನ್ನುತ್ತಾರೆ. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲ, ಮೊಣಕಾಲುಗಳ ನಡುವೆ ಇರಿಸಿಕೊಂಡು ನುಡಿಸುವ ಚೆಲೊ, ಇಷ್ಟೇ ಅದರ ಪರಿಕರ. ದೊಡ್ಡ ಸಭಾಂಗಣಕ್ಕಲ್ಲ, ಮನೆಯ ಒಂದು ಕೊಠಡಿಗೆ ಒಪ್ಪುವಂಥದಾದ್ದರಿಂದ ಈ ಬಗೆಯ ಸಂಗೀತಕ್ಕೆ ಚೇಂಬರ್ ಸಂಗೀತವೆಂದು ಹೆಸರು. ವೀಣೆಯ ನಾದವನ್ನು ಹತ್ತಿರ ಕುಳಿತು ಕೇಳಿದವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕೋಲನ್ನಾಡಿಸಿ ಮೇಳವನ್ನು ನಡೆಸುವ ನಾಯಕನಿಲ್ಲ. ಒಬ್ಬೊಬ್ಬರ ಪಾಲಿಗೂ ಬೇರೆ ಬೇರೆ ಸ್ವರಪಂಕ್ತಿ. ಒಬ್ಬನು ಎಡವಿದರೆ ಮರೆಮಾಚಲು ಪಕ್ಕದಲ್ಲಿ ಇನ್ನೊಬ್ಬನಿಲ್ಲ. ಒಬ್ಬರ ಉಸಿರನ್ನು ಇನ್ನೊಬ್ಬರು ಅರಿಯುವಷ್ಟು ದಿನ ಕೂಡಿ ನುಡಿಸಿದವರಿಗೆ ಮಾತ್ರ ಈ ವಿದ್ಯೆ ಒಲಿಯುತ್ತದೆ. ಹೊಟ್ಟೆಪಾಡಿಗಾಗಿ ದಿನವೂ ಬೇರೆ ಬೇರೆ ಕಡೆ ದುಡಿಯುವ ನಾಲ್ವರಿಗೆ ಅಂಥ ಬಿಡುವು ಎಲ್ಲಿಂದ ಬರಬೇಕು? ರಜುಮೋವ್‌ಸ್ಕಿಯು ಕೊಟ್ಟದ್ದು ಮುಖ್ಯವಾಗಿ ಆ ಬಿಡುವನ್ನು.

ಅವನ ಮನೆತನದ ಸಿರಿಗೂ ಸಂಗೀತಕ್ಕೂ ಒಂದು ಹಳೆಯ ನಂಟುಂಟು. ಅವನ ದೊಡ್ಡಪ್ಪನಾದ ಅಲೆಕ್ಸೇ ಎಂಬವನು ಉಕ್ರೇನಿನ ಹಳ್ಳಿಯೊಂದರಲ್ಲಿ ದನ ಕುರಿ ಕಾಯುತ್ತಿದ್ದ ಹುಡುಗ. ಅವನ ಕಂಠಮಾಧುರ್ಯಕ್ಕೆ ಮನಸೋತವರು ಅವನನ್ನು ರಷ್ಯದ ಅರಮನೆಯ ಗಾಯಕವೃಂದಕ್ಕೆ ಕರೆತಂದರು. ಮುಂದೆ ಚಕ್ರವರ್ತಿನಿಯಾದ ಎಲಿಜಬೆತಳ ಒಲವನ್ನು ಗಳಿಸಿ ಅವನು ಮಹಾ ಸಿರಿವಂತನಾದನು. ತಮ್ಮನೂ ದೊಡ್ಡ ಪದವಿಗೇರಿದನು. ಆ ತಮ್ಮನ ಮಗನೇ ನಮ್ಮ ಕೌಂಟ್. ವಿಯೆನ್ನಾದಲ್ಲಿ ರಷ್ಯದ ರಾಯಭಾರಿಯಾಗಿದ್ದ ಅವನು ಕೇವಲ ಹಣವಂತ ಶ್ರೋತೃವಾಗಿರಲಿಲ್ಲ. ಎಷ್ಟೋ ಸಂಜೆ ತಾನೇ ಎರಡನೆಯ ಪಿಟೀಲನ್ನು ಹಿಡಿದು ತನ್ನ ವೇತನ ಪಡೆಯುವ ವಾದಕರ ನಡುವೆ ಕೂರುತ್ತಿದ್ದನು. ಕಲೆಯ ಕಷ್ಟವನ್ನು ಸ್ವತಃ ಬಲ್ಲ ಪೋಷಕನ ರೀತಿಯೇ ಬೇರೆ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು ಪಿಯಾನೋ ವಾದನವನ್ನು ಕ್ರಮವಾಗಿ ಅಭ್ಯಾಸಮಾಡಿದ್ದವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತ ರಚನಕಾರ ಮೆಟ್ನರನು ಜಗತ್ತಿನ ಗಮನದಿಂದ ಮರೆಯಾಗಿದ್ದಾಗ, 1940ರ ದಶಕದ ಕೊನೆಯಲ್ಲಿ, ಅವನ ಕೃತಿಗಳನ್ನು ತಮ್ಮ ಖರ್ಚಿನಿಂದ ಧ್ವನಿಮುದ್ರಿಸುವ ಏರ್ಪಾಟು ಮಾಡಿದವರು ಅವರೇ. ಮೆಟ್ನರನು ತನ್ನ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದನು.

ವಿಯೆನ್ನಾಕ್ಕೆ ಹಿಂತಿರುಗೋಣ. ಶುಪ್ಪನ್‌ಜಿಗ್ ಮತ್ತು ಅವನ ಗೆಳೆಯರು ಕೌಂಟನ ಮನೆಗೆ ಬರುವ ಮೊದಲೇ ಮತ್ತೊಬ್ಬ ಸಿರಿವಂತನ ಮನೆಯಲ್ಲಿ ಪಳಗಿದ್ದರು. ಇವನೇ ಪ್ರಿನ್ಸ್ ಲಿಖ್ನೋವ್‌ಸ್ಕಿ. ಸಂಬಂಧದಲ್ಲಿ ಕೌಂಟನಿಗೆ ಷಡ್ಡಕ. ಅವನ ಮನೆಯಲ್ಲಿ ಶುಕ್ರವಾರ ಬೆಳಗ್ಗೆ ಹದಿಹರೆಯದ ವಾದಕರು ಸೇರುತ್ತಿದ್ದರು. ಆಗತಾನೆ ಆ ನಗರಕ್ಕೆ ಬಂದಿದ್ದ ಬೀಥೋವನನು ಅವರ ವಾದನವನ್ನು ಕೇಳಿ ಆ ವಾದ್ಯಗಳ ಮರ್ಮವನ್ನು ಅರಿತನು. ಲಿಖ್ನೋವ್‌ಸ್ಕಿಯು 1800ರಲ್ಲಿ ಅವನಿಗೆ ವರ್ಷಕ್ಕೆ 600 ಫ್ಲೋರಿನ್‌ಗಳ ವೇತನವನ್ನು ಗೊತ್ತುಮಾಡಿದನು. ನಾಲ್ಕು ಉತ್ತಮ ತಂತಿವಾದ್ಯಗಳನ್ನೂ ಕಾಣಿಕೆಯಾಗಿ ಕೊಟ್ಟನು. ಆದರೆ ಆಶ್ರಯವೆಂಬುದು ಎರಡಲಗಿನ ಕತ್ತಿ. 1806ರ ಶರತ್ಕಾಲದಲ್ಲಿ ತನ್ನ ಹಳ್ಳಿಯ ಮಹಲಿನಲ್ಲಿ ಅತಿಥಿಗಳಾಗಿದ್ದ ಫ್ರೆಂಚ್ ಸೇನಾಧಿಕಾರಿಗಳ ಮುಂದೆ ನುಡಿಸಬೇಕೆಂದು ಪ್ರಿನ್ಸನು ಒತ್ತಾಯಿಸಿದಾಗ ಬೀಥೋವನನು ಕೆರಳಿ ಆ ಮನೆಯನ್ನೇ ಬಿಟ್ಟು ಹೊರಟನು. ಅನ್ನವಿಟ್ಟವನ ಮಾತನ್ನು ಮೀರಬಾರದೆಂಬ ನೀತಿಯನ್ನು ಅವನು ಒಪ್ಪಲಿಲ್ಲ. ಒಪ್ಪದೆ ಇದ್ದುದು ಒಳ್ಳೆಯದೇ ಆಯಿತು.

ಅದೇ ವರ್ಷ ಅವನು ರಜುಮೋವ್‌ಸ್ಕಿಗಾಗಿ ಮೂರು ಕ್ವಾರ್ಟೆಟ್‌ಗಳನ್ನು ರಚಿಸಿದನು. ಕೌಂಟನ ತಾಯ್ನಾಡಿನ ಗೌರವಾರ್ಥವಾಗಿ ಮೊದಲೆರಡು ಕೃತಿಗಳಲ್ಲಿ ರಷ್ಯದ ಜಾನಪದ ಮಟ್ಟುಗಳನ್ನು ಹೆಣೆದನು. ಮೊದಲ ಕೃತಿಯನ್ನು ಕೈಗೆತ್ತಿಕೊಂಡ ಶುಪ್ಪನ್‌ಜಿಗ್ ಮತ್ತು ಅವನ ಜೊತೆಗಾರರು ನಕ್ಕುಬಿಟ್ಟರಂತೆ. ಇದೇನೋ ತಮಾಷೆಯೆಂದೇ ಅವರು ಬಗೆದರು. ನಕ್ಕ ಕೈಗಳೇ ಮುಂದೆ ಆ ಕೃತಿಗಳನ್ನು ಲೋಕಕ್ಕೆ ತಿಳಿಯಪಡಿಸಿದವು. ಕೌಂಟನ ಮೇಳವು ಸ್ಥಾಪಿತವಾದ ಮೇಲಂತೂ ಬೀಥೋವನನು ಹೊಸದಾಗಿ ಬರೆದುದನ್ನು ಶಾಯಿ ಆರುವ ಮೊದಲೇ ಅಲ್ಲಿ ನುಡಿಸಿ ನೋಡುತ್ತಿದ್ದರು; ಯಾವ ಸ್ವರ ಹೇಗೆ ಹೊಮ್ಮಬೇಕೆಂಬುದನ್ನು ಅವನೇ ನಿಂತು ಹೇಳುತ್ತಿದ್ದನು. ಕಿವಿ ದಿನೇ ದಿನೇ ಮಂದವಾಗುತ್ತಿದ್ದವನಿಗೆ ಅದೆಂಥ ಭಾಗ್ಯವೆಂದು ಊಹಿಸಬಹುದು.

1809ರ ಮಾರ್ಚಿಯಲ್ಲಿ ಇತರ ಮೂವರು ಶ್ರೀಮಂತರು ಬೀಥೋವನನಿಗೆ ವರ್ಷಕ್ಕೆ 4000 ಫ್ಲೋರಿನ್‌ಗಳ ವರ್ಷಾಶನವನ್ನು ಬರೆದುಕೊಟ್ಟರು. ಆರ್ಚ್‌ಡ್ಯೂಕ್ ರುಡಾಲ್ಫ್ 1500, ಲೋಬ್ಕೊವಿಟ್ಸ್ 700, ಕಿನ್‌ಸ್ಕಿ 1800. ಅವನು ಆಸ್ಟ್ರಿಯವನ್ನು ಬಿಟ್ಟುಹೋಗಬಾರದೆಂಬುದೇ ಷರತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಯುದ್ಧದ ಸಾಲದಿಂದ ಸರಕಾರದ ನೋಟಿನ ಬೆಲೆ ಐದರಲ್ಲಿ ಒಂದು ಪಾಲಿಗೆ ಇಳಿಯಿತು. 1812ರಲ್ಲಿ ಕಿನ್‌ಸ್ಕಿಯು ಕುದುರೆಯಿಂದ ಬಿದ್ದು ಸತ್ತನು. ಲೋಬ್ಕೊವಿಟ್ಸನು ಸಾಲದಲ್ಲಿ ಮುಳುಗಿದನು. ಬರಬೇಕಾದ ಹಣಕ್ಕಾಗಿ ಕವಿಹೃದಯದ ಆ ಕಲಾವಿದನು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ರಜುಮೋವ್‌ಸ್ಕಿಗೂ ಕೇಡು ತಪ್ಪಲಿಲ್ಲ. ನೆಪೋಲಿಯನ್ನನ ಪತನಾನಂತರ ಯೂರೋಪಿನ ದೊರೆಗಳು ವಿಯೆನ್ನಾದಲ್ಲಿ ನೆರೆದಿದ್ದ ಕಾಲ. ಅತಿಥಿಗಳಿಗಾಗಿ ಕೌಂಟನು ತನ್ನ ಅರಮನೆಗೆ ತಾತ್ಕಾಲಿಕ ಭವನವೊಂದನ್ನು ಸೇರಿಸಿ ಕಟ್ಟಿಸಿದ್ದನು. 1814ರ ಡಿಸೆಂಬರ್ 31ರ ರಾತ್ರಿ ಅಲ್ಲಿ ಬೆಂಕಿ ಹೊತ್ತಿತು. ಗ್ರಂಥಭಂಡಾರ, ಕಲಾಕೃತಿಗಳು ಬಹುಪಾಲು ಬೂದಿಯಾದವು. ಆ ಪೆಟ್ಟಿನಿಂದ ಅವನು ಚೇತರಿಸಿಕೊಳ್ಳಲಿಲ್ಲ. 1816ರಲ್ಲಿ ಮೇಳವು ಚದುರಿತು. ಶುಪ್ಪನ್‌ಜಿಗನು ರಷ್ಯಕ್ಕೆ ತೆರಳಿದನು.

ಏಳು ವರ್ಷಗಳ ತರುವಾಯ ಅವನು ಹಿಂತಿರುಗಿ ಹೊಸ ಮೇಳವನ್ನು ಕಟ್ಟಿದನು. ಈಗ ಅರಮನೆಯಿಲ್ಲ, ಜೀವನಪರ್ಯಂತದ ವೇತನವಿಲ್ಲ. ಮುಂಗಡ ಚಂದಾ ಕೊಟ್ಟ ರಸಿಕರೇ ಪೋಷಕರು. ಎರಡನೆಯ ಪಿಟೀಲನ್ನು ನುಡಿಸುತ್ತಿದ್ದ ಕಾರ್ಲ್ ಹೋಲ್ಜನು ಸರಕಾರಿ ಕಚೇರಿಯಲ್ಲಿ ನೌಕರ. ರಷ್ಯದ ಗಲಿಟ್ಸಿನ್ ಎಂಬ ಸಿರಿವಂತನ ಕೋರಿಕೆಯಂತೆ ಬೀಥೋವನನು ಬರೆದ ಮೂರು ಕ್ವಾರ್ಟೆಟ್‌ಗಳಲ್ಲಿ ಮೊದಲನೆಯದು 1825ರ ಮಾರ್ಚ್ 6ರಂದು ಈ ಮೇಳದಿಂದ ಪ್ರಥಮ ಪ್ರಯೋಗವನ್ನು ಕಂಡಿತು. (ಕೋರಿದವನು ಕೊಡಬೇಕಾದ ಹಣವು ಬೀಥೋವನನು ಬದುಕಿರುವವರೆಗೆ ಪೂರ್ತಿಯಾಗಿ ಕೈಸೇರಲಿಲ್ಲವೆಂಬುದು ಬೇರೆಯ ಮಾತು.) ಕೃತಿ ಕಠಿಣ, ಅಭ್ಯಾಸಕ್ಕೆ ದೊರೆತ ದಿನಗಳು ಕೆಲವೇ. ವಾದನವು ಕೆಟ್ಟಿತು, ಕೇಳಿದವರು ಗೊಂದಲಗೊಂಡು ಮನೆಗೆ ಹೋದರು. ರಜುಮೋವ್‌ಸ್ಕಿಯ ಮನೆಯಲ್ಲಿ ಇದೇ ಶುಪ್ಪನ್‌ಜಿಗ್, ಇದೇ ವೈಸ್, ಇದೇ ಲಿಂಕೆ ಎಷ್ಟು ದಿನ ಬೇಕಾದರೂ ಕುಳಿತು ಒಂದು ಕೃತಿಯನ್ನು ತಿದ್ದುತ್ತಿದ್ದರು!

ಬೀಥೋವನನು ಮುನಿದು ಕೃತಿಯನ್ನು ಜೋಸೆಫ್ ಬ್ಯೋಮ್ ಎಂಬ ಇನ್ನೊಬ್ಬ ಪಿಟೀಲುವಾದಕನಿಗೆ ಕೊಟ್ಟನು. ಅಭ್ಯಾಸವು ಮತ್ತೆ ಮೊದಲಿನಿಂದ ನಡೆಯಿತು. ಆ ವೇಳೆಗೆ ಬೀಥೋವನನ ಕಿವಿ ಸಂಪೂರ್ಣ ಮುಚ್ಚಿಹೋಗಿತ್ತು. ಅವನು ಹತ್ತಿರದಲ್ಲಿ ಕುಳಿತು ನಾಲ್ಕು ಕಮಾನುಗಳ ಚಲನೆಯನ್ನೇ ಎವೆಯಿಕ್ಕದೆ ನೋಡುತ್ತಿದ್ದನು. ಯಾವುದು ಅವಸರಿಸಿತು, ಯಾವುದು ಹಿಂದೆ ಬಿತ್ತು ಎಂಬುದನ್ನು ಕಣ್ಣಿನಿಂದಲೇ ಅರಿತು ಒಡನೆಯೇ ತಿದ್ದುತ್ತಿದ್ದನು. ಅದೇ ತಿಂಗಳಲ್ಲಿ ಆ ಕೃತಿಯು ಮತ್ತೆ ಸಭೆಯ ಮುಂದೆ ಬಂದಾಗ ಜನರು ಕರತಾಡನದಿಂದ ಅದನ್ನು ಬರಮಾಡಿಕೊಂಡರು.